ಕ್ಯಾಬಿನ್ ಅಡಿಯ ರಬ್ಬರ್

ನನ್ನ ಕೈಲಿದ್ದ ಪ್ಯಾಡನ್ನು ಸೂಲಗಿತ್ತಿ ತಾಯಮ್ಮ ಕಿತ್ತುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಎಪ್ಪತ್ತರ ದಶಕದ ಕೊನೆ. ಮಳವಳ್ಳಿಯ ವರ್ಕ್‌ಶಾಪಿನಲ್ಲಿ ನನ್ನ ಹಳೇ ಲಾರಿಯ ಕ್ಯಾಬಿನ್ ಕುಲುಕದಂತೆ ಅಡಿಗೆ ಹಾಕಿಸಲು ಹೊಸದಾಗಿ ಬಂದಿದ್ದ ಪಾಲಿಯುರೆಥೇನ್ ಪ್ಯಾಡ್ ಆರಿಸಿದ್ದೆ. ರಬ್ಬರಿಗಿಂತ ಗಟ್ಟಿ, ಬೇಗ ಸವೆಯುವುದಿಲ್ಲ. ಊರಿಗೆ ವಾಪಸಾಗಲು ನನ್ನ ಲಾರಿಗೇ ಕಾಯುತ್ತಿದ್ದ ತಾಯಮ್ಮನಿಗೆ ಅದು ಹಿಡಿಸಲಿಲ್ಲ.

“ಇದು ಕಲ್ಲು ಕಣಪ್ಪ. ನಿನ್ ಲಾರೀಲಿ ಕಬ್ಬು ಇಂದೆ ಕೂತ್ಕತದೆ, ಬ್ಯಾನೆ ತಿನ್ನೋ ಎಣ್ಮಕ್ಳು ಮುಂದೆ ಕೂತ್ಕತಾರೆ. ಮೆತ್ತಗಿರೋದ್ನೇ ಆಕ್ಸು.”

ಹೆರಿಗೆ ಕಷ್ಟವಾದರೆ ಊರಿನವರು ಆಸ್ಪತ್ರೆಗೆ ಓಡುತ್ತಿದ್ದುದು ನನ್ನ ಲಾರಿಯಲ್ಲೇ. ಅದನ್ನು ನಾನೇ ಮರೆತಿದ್ದೆ. ರಬ್ಬರನ್ನೇ ಹಾಕಿಸಿದೆ.

ಅದು ಬೇಗ ಸವೆಯಿತು, ನಿಜ. ಆದರೆ ಮರುವರ್ಷ ಅದೇ ಕ್ಯಾಬಿನ್ನಿನಲ್ಲಿ ತಾಯಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ನನ್ನ ಹೆಂಡತಿ.