ಬೂದಿ ಬೀಳದ ಗೀಸರ್

ಗಂಡ ತೀರಿಕೊಂಡ ಮೇಲೆ ನಮ್ಮ ಬಚ್ಚಲಿನಲ್ಲಿ ನೀರು ಕಾಯಿಸುವ ತಾಮ್ರದ ಬಂಬಕ್ಕೆ ರವದಿ, ಅಂದರೆ ಕಬ್ಬಿನ ಒಣ ಗರಿ, ತುರುಕಿ ಉರಿ ಹಾಕುವವರಿರಲಿಲ್ಲ. ಆ ಕೆಲಸ ಅವರದಾಗಿತ್ತು. ಅತ್ತೆ ನನಗೂ ಹಾಕಗೊಡದೆ, ತಣ್ಣೀರಿನಲ್ಲೇ ಜಳಕ ಮಾಡಿ ಕೆಮ್ಮತೊಡಗಿದರು. ಕೆಮ್ಮು ಎದೆಗಿಳಿದಾಗ ನನಗೆ ಹೆದರಿಕೆಯಾಯಿತು. ಅವರನ್ನು ಕರೆದುಕೊಂಡು ಗೀಸರ್ ಕೊಳ್ಳಲು ಜಮಖಂಡಿಗೆ ಹೋದೆ.

ಅತ್ತೆ ಗೀಸರನ್ನು ಸುತ್ತಲೂ ತಟ್ಟಿ ನೋಡಿ, "ಕಬ್ಬಿನ ರವದಿ ಎಲ್ಲಿ ಹಾಕೂದೋ ತಮ್ಮಾ?" ಎಂದು ಅಂಗಡಿಯವನನ್ನು ಕೇಳಿದರು.

"ಉರಿ ಹಚ್ಚೂದಿಲ್ರಿ ಆಯಿ, ಇದು ಕರೆಂಟಿಂದು."

"ಮತ್ತ ಬೂದಿ?"

"ಬೂದಿನ ಬೀಳೂದಿಲ್ರಿ."

"ಹಂಗಾರ ಭಾಂಡೆ ಯಾತರಲೆ ತಿಕ್ಕಲಿ?"

ಅವನು ನಗುತ್ತ, ನಮ್ಮ ಬೋರಿನ ನೀರು ಗಡಸು, ವರ್ಷಕ್ಕೊಮ್ಮೆ ಒಳಗೆ ಕಟ್ಟಿದ ಸುಣ್ಣ ತೆಗೆಸಬೇಕು ಎಂದ.

"ಸುಣ್ಣರ ಬರತೈತಲ್ಲ. ಎಲಿ ಅಡಿಕಿಗೆ ಆತು," ಎಂದು ಅತ್ತೆ ಒಪ್ಪಿದರು.

ಮರುದಿನ ಗೀಸರ್ ಕೂರಿಸಿದರು. ಮೊದಲ ಜಳಕ ಮುಗಿಸಿದ ಅತ್ತೆ ತಣ್ಣೀರಿನ ಕೊಡ ಹಿಡಿದು ಗೀಸರನ್ನೇ ದಿಟ್ಟಿಸುತ್ತ ನಿಂತಿದ್ದರು. ಬಂಬದಿಂದ ಬಿಸಿನೀರು ತೆಗೆದುಕೊಂಡವರು ತಮ್ಮ ಹಿಂದೆ ಬರುವವರಿಗಾಗಿ ಅಷ್ಟೇ ತಣ್ಣೀರು ತುಂಬಿಡುವುದು ನಮ್ಮ ಕಡೆಯ ರೂಢಿ.

"ಎಲ್ಲಿ ಹಾಕಲಿ ಇದನ್ನ?"

"ಅದು ತಾನ ತುಂಬಕೊಳ್ಳತೈತ್ರಿ ಅತ್ತಿ. ನಿಮ್ಮ ಹಿಂದರ ಇನ್ನ ಯಾರದಾರ?" ಎಂದುಬಿಟ್ಟೆ. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಜಳಕ ಮಾಡುತ್ತಿದ್ದವರು ಅವರ ಮಗ, ನನ್ನ ಗಂಡ. ನಾಲಿಗೆ ಕಚ್ಚಿಕೊಂಡೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕ, ನೀ ಇಲ್ಲೇನ? ತಲಿ ನೋಡು, ಗುಬ್ಬಿ ಗೂಡ ಆಗೇತಿ. ನಡಿ ಒಳಗ!"

ಕೊಡವನ್ನು ನನ್ನ ಕೈಗಿಟ್ಟರು. ಆ ನೀರನ್ನು ಬಕೆಟ್ಟಿಗೆ ಸುರಿದು, ಗೀಸರಿನ ಬಿಸಿನೀರು ಬೆರೆಸಿಕೊಂಡು ಕೂತೆ. ಎಷ್ಟೋ ದಿನಗಳ ಮೇಲೆ ಮೈ ಬೆಚ್ಚಗಾಯಿತು.

ಬಾಗಿಲ ಹೊರಗೆ ಕೆಮ್ಮು ಕೇಳಿಸಿತು, ಅದರ ಹಿಂದೆಯೇ ಕೂಗು: "ಬೆನ್ನ ತಿಕ್ಕಲೇನ?"