ಅರಳದ ಕಾಳು

ಗೆಂಗ್ ರುಯಿಪಿಂಗ್‌ಗೆ ಸಿಟ್ಟು ಬಂದರೆ ಅದು ಬಾಣಲೆಗೆ ಗೊತ್ತಾಗುತ್ತಿತ್ತೇ ಹೊರತು ಮನುಷ್ಯರಿಗೆ ಗೊತ್ತಾಗುತ್ತಿರಲಿಲ್ಲ. ತೈಹಾಂಗ್ ಬೆಟ್ಟದ ಬುಡದ ಪೇಟೆಯಲ್ಲಿ, ಒಂದು ಔಷಧಿ ಅಂಗಡಿಯ ಹಿತ್ತಲಲ್ಲಿ ಇಪ್ಪತ್ತೊಂಬತ್ತು ವರ್ಷ ಬೀಜ ಹುರಿದವಳು ಅವಳು. ಸೌಟನ್ನು ಬಾಣಲೆಗೆ ಕುಟ್ಟುವ ಸದ್ದು ಜೋರಾದರೆ ಮುಂದಿನ ಕೋಣೆಯಲ್ಲಿ ಪೊಟ್ಟಣ ಕಟ್ಟುವವರು ಮುಖ ಮುಖ ನೋಡಿಕೊಂಡು, ಇವತ್ತು ಗೆಂಗ್ ಅಕ್ಕನ ಹತ್ತಿರ ಸುಳಿಯುವುದು ಬೇಡ ಎಂದುಕೊಳ್ಳುತ್ತಿದ್ದರು. ಆದರೆ ಅವಳ ಸಿಟ್ಟು ಅವರ ಮೇಲಲ್ಲ. ಒಂದು ಬೀಜದ ಮೇಲೆ.

ಸಾಸಿವೆಯಷ್ಟು ದಪ್ಪ, ಮಸಿಯಷ್ಟು ಕಪ್ಪು ಆ ಬೀಜ. ವೈದ್ಯರು ಚೀಟಿಯಲ್ಲಿ ಬರೆಯುವ ಹೆಸರು ವಾಂಗ್ ಬು ಲಿಯು ಶಿಂಗ್. ಅರಸನ ಅಪ್ಪಣೆಯಾದರೂ ಹರಿಯುವುದನ್ನು ನಿಲ್ಲಿಸದು ಎಂಬಷ್ಟು ಠೇಂಕಾರದ ಹೆಸರು. ಮುಟ್ಟು ನಿಂತವರಿಗೆ, ಮೊಲೆ ಕಲ್ಲಾದ ಬಾಣಂತಿಯರಿಗೆ ಕೊಡುವುದು ಅದನ್ನೇ. ಬಸುರಿಯರ ಹತ್ತಿರಕ್ಕೂ ಅದನ್ನು ಸುಳಿಯಗೊಡಬಾರದು. ಹಸಿಯಾಗಿದ್ದರೆ ಅಂಟುಪಟ್ಟಿಯಲ್ಲಿಟ್ಟು ಕಿವಿಗೆ ಅಂಟಿಸುತ್ತಾರೆ. ಆಗಾಗ ಒತ್ತಿಕೊಳ್ಳುತ್ತಿದ್ದರೆ ನಿದ್ದೆ ಬರುತ್ತದೆ ಎನ್ನುತ್ತಾರೆ. ಪೇಟೆಯ ಹೆಂಗಸರಿಗೆ ಇಷ್ಟೆಲ್ಲ ಬೇಕಿಲ್ಲ, ಅವರು ಹಾಲಿನ ಬೀಜ ಕೊಡಿ ಎಂದು ಕೇಳಿ, ಹಂದಿಯ ಕಾಲಿನ ಸಾರಿನಲ್ಲಿ ಕುದಿಸಿ ಬಾಣಂತಿಗೆ ಕುಡಿಸುತ್ತಾರೆ.

ಕುದಿಸುವ ಮೊದಲು ಅದನ್ನು ಹುರಿಯಬೇಕು. ಹುರಿಯುವುದೆಂದರೆ ಬೆಚ್ಚಗೆ ಮಾಡುವುದಲ್ಲ, ಅರಳಿಸುವುದು. ಒಂದು ಹಿಡಿಗಿಂತ ಹೆಚ್ಚು ಹಾಕುವಂತಿಲ್ಲ, ಕೈ ನಿಲ್ಲಿಸುವಂತಿಲ್ಲ. ಉರಿ ಹೆಚ್ಚಾದರೆ ಹೊತ್ತುತ್ತದೆ, ಕಡಿಮೆಯಾದರೆ ಹಾಗೇ ಬಿಗಿದುಕೊಂಡು ಕೂರುತ್ತದೆ. ಹತ್ತು ಕಾಳಿಗೆ ಎಂಟಾದರೂ ಪಟಪಟನೆ ಸಿಡಿದು ಬೆಳ್ಳಗೆ ಅರಳಾಗಬೇಕು. ಅರಳದ ಕಾಳನ್ನು ಒಂದು ದಿನವಿಡೀ ಕುದಿಸಿದರೂ ಸಾರ ಬಿಡುವುದಿಲ್ಲ, ಹೋದ ಹಾಗೇ ಹೊರಗೆ ಬರುತ್ತದೆ.

ಈ ಮಾತು ರುಯಿಪಿಂಗ್‌ಗೆ ಗೊತ್ತಾದದ್ದು ತಡವಾಗಿ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವಳು ಹೆಣ್ಣುಮಗು ಹೆತ್ತಾಗ ಹಾಲು ಬರಲಿಲ್ಲ. ಅತ್ತೆ ಎಲ್ಲಿಂದಲೋ ಹಾಲಿನ ಬೀಜ ತಂದು ಕುದಿಸಿ ಕೊಟ್ಟಳು, ಬಟ್ಟಲಿನ ತಳದಲ್ಲಿ ಕಪ್ಪು ಕಾಳುಗಳು ಗುಂಡುಗುಂಡಗೆ ನಿಂತಿದ್ದವು. ಐದು ದಿನ ನೋಡಿ, "ಇವಳ ಮೈಯಲ್ಲಿ ಏನೂ ಇಲ್ಲ, ಮಗು ಸಾಯೋದು ಬೇಡ" ಎಂದು ಹಳ್ಳಿಯಲ್ಲಿದ್ದ ಹಿರಿಯ ವಾರಗಿತ್ತಿಯ ಕೈಗೆ ಮಗುವನ್ನು ಕೊಟ್ಟುಬಿಟ್ಟಳು. ಒಂದೇ ಮಗು ಎಂಬ ಕಾನೂನು ಬಿಗಿಯಾಗಿದ್ದ ಕಾಲ ಅದು. ಮುಂದಿನ ವರ್ಷ ರುಯಿಪಿಂಗ್‌ಗೆ ಮಗ ಹುಟ್ಟಿದ, ಸರ್ಕಾರದ ಪುಸ್ತಕದಲ್ಲಿ ಅವನೇ ಮೊದಲ ಮಗುವಾದ. ಮಗಳು ಬೆಳೆದು ಅವಳನ್ನು ಚಿಕ್ಕಮ್ಮ ಎಂದು ಕರೆದಳು, ಈಗಲೂ ಹಾಗೇ ಕರೆಯುತ್ತಾಳೆ.

ಎರಡು ವರ್ಷದ ಮೇಲೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ದಿನ ಹಳೆಯ ಮೇಸ್ತ್ರಿ ಅರಳಿದ ಬೀಜ ತೋರಿಸಿದಾಗ ರುಯಿಪಿಂಗ್ ಬಿಳಿಚಿಕೊಂಡಳಂತೆ. ತಾನು ಕುಡಿದದ್ದು ಬರೀ ಬಿಸಿನೀರು! ಅಂದಿನಿಂದ ಅವಳ ಕೈಯಿಂದ ಅರಳದ ಕಾಳು ಹೊರಗೆ ಹೋದದ್ದಿಲ್ಲ. ಯಾವನೋ ಸೋಮಾರಿ ಬೀಜ ಹುರಿಯದೆ ಕೊಟ್ಟದ್ದಕ್ಕೆ ತನ್ನ ಮಗಳು ಹೋದಳು ಎಂಬ ಉರಿಯನ್ನು ಅವಳು ದಿನಾ ಬಾಣಲೆಯ ಕೆಳಗೆ ಹಾಕುತ್ತಿದ್ದಳು.

ಹೋದ ವರ್ಷದ ಕೊನೆಯಲ್ಲಿ ಅಂಗಡಿಗೆ ಪಾಂಗ್ ಎಂಬ ಹೊಸ ಮ್ಯಾನೇಜರ್ ಬಂದ. ನಗುಮುಖ, ಇಸ್ತ್ರಿ ಮಾಡಿದ ಅಂಗಿ. ಬಂದವನೇ ಹಿತ್ತಲ ಒಲೆ ಆರಿಸಿದ. ಯಂತ್ರದಲ್ಲಿ ಹುರಿದ ಬೀಜಗಳೇ ಮೂಟೆಯಲ್ಲಿ ಬರಲು ಶುರುವಾದವು. ರುಯಿಪಿಂಗ್‌ಳನ್ನು ಮುಂದಿನ ಕೋಣೆಯಲ್ಲಿ ತಪಾಸಣೆಗೆ ಕೂರಿಸಿದ. ಕಟ್ಟಿದ ಪೊಟ್ಟಣ ಬಿಚ್ಚಿ, ಚೀಟಿಗೆ ತಾಳೆ ನೋಡಿ, ತನ್ನ ಹೆಸರಿನ ಕೆಂಪು ಮುದ್ರೆ ಒತ್ತುವುದು ಅವಳ ಕೆಲಸ. ಬಿಚ್ಚಿ ನೋಡುವುದಕ್ಕೂ ಅವನು ಬಿಡುತ್ತಿರಲಿಲ್ಲ.

"ಸಾಲು ಬಾಗಿಲು ದಾಟಿದೆ ಗೆಂಗ್ ಅಕ್ಕ, ಒತ್ತಿ ಒತ್ತಿ. ನಮ್ಮ ಹುಡುಗೀರು ಕಟ್ಟಿದ್ದಲ್ವಾ."

ಅವಳೂ ಒತ್ತಿದಳು. ನಾನು ಅವಳನ್ನು ಹೊಗಳಲು ಕೂತಿಲ್ಲ, ಆದದ್ದನ್ನು ಹೇಳುತ್ತೇನೆ. ಆ ಚಳಿಗಾಲದಲ್ಲಿ ಅವಳೂ ಎಷ್ಟೋ ಪೊಟ್ಟಣ ಬಿಚ್ಚದೆ ಮುದ್ರೆ ಹಾಕಿದಳು.

ಒಂದು ಬೆಳಿಗ್ಗೆ ಲುವಾನ್ ಮನೆಯ ಹಿರಿಯಾಕೆ ಬಂದು ಒಂದು ಪೊಟ್ಟಣವನ್ನು ಮೇಜಿನ ಮೇಲೆ ಎಸೆದಳು.

"ಐದು ಕೊಟ್ಟಿದ್ರಿ. ನಾಲ್ಕು ಕುಡಿಸಿದ್ದಾಯ್ತು. ಸೊಸೆ ಎದೇಲಿ ಒಂದು ತೊಟ್ಟೂ ಇಲ್ಲ. ಇದನ್ನ ನೀವೇ ಇಟ್ಕೊಳ್ಳಿ."

"ಇನ್ನೊಂದು ನೋಡಬಹುದಿತ್ತಲ್ಲಮ್ಮ" ಎಂದಳು ರುಯಿಪಿಂಗ್.

"ಏನ್ ನೋಡೋದು. ಈಗಿನ ಹುಡುಗೀರು ಅಂದ್ರೆ ಬಣ್ಣದ ಡಬ್ಬ, ಒಳಗೆ ಖಾಲಿ. ಮಧ್ಯಾಹ್ನ ಗಾಡಿ ಬರುತ್ತೆ, ಮೊಮ್ಮಗನ್ನ ಹಳ್ಳಿಗೆ ಕರ್ಕೊಂಡು ಹೋಗ್ತೀನಿ. ಹಾಲಿಲ್ಲದೋಳ ಹತ್ರ ಮಗು ಯಾಕೆ. ಅವಳು ಶೂ ಫ್ಯಾಕ್ಟರಿಗೆ ಹೋಗ್ಲಿ."

ಹಿರಿಯಾಕೆ ಹೊರಟುಹೋದಳು. ರುಯಿಪಿಂಗ್ ಪೊಟ್ಟಣ ಬಿಚ್ಚಿದಳು. ಬೇರುಗಳ ನಡುವೆ ಒಂದು ಚಿಟಿಕೆ ಬೀಜ. ಬೆಳ್ಳಗೆ ಅರಳಿದ್ದು ಒಂದೋ ಎರಡೋ, ಉಳಿದದ್ದೆಲ್ಲ ಕರಿ ಕಾಳು. ಕೆಳಗೆ ಚೀಟಿ, ಚೀಟಿಯ ಮೂಲೆಯಲ್ಲಿ ಕೆಂಪಗೆ ಅವಳದೇ ಹೆಸರು.

ಅವಳು ಮೂಟೆಯ ಬಾಯಿ ಬಿಚ್ಚಿ ಒಂದು ಬೊಗಸೆ ತೆಗೆದು ಮ್ಯಾನೇಜರ್‌ನ ಮೇಜಿನ ಮೇಲೆ ಸುರಿದಳು. ಕಾಳುಗಳು ಉರುಳಿ ಅವನ ಚಹಾ ಲೋಟದ ಸುತ್ತ ನಿಂತವು.

"ಇದನ್ನ ಹುರಿದಿದ್ದು ಅಂತಾರೇನಪ್ಪ?"

"ಮೂಟೆ ಮೇಲೆ ಹುರಿದಿದ್ದು ಅಂತಾನೇ ಬರೆದಿದೆ ಅಕ್ಕ. ಅರಳಿದ್ರೇನು, ಬಿಟ್ರೇನು, ಬೀಜ ಅದೇ ತಾನೆ."

"ಜೋಳದ ಅರಳು ಅಂತ ಹೇಳಿ ಬರೀ ಕಾಳು ಕೊಟ್ರೆ ನಿನ್ನ ಮಗ ತಿಂತಾನಾ? ಹಲ್ಲು ಮುರ್ಕೊಂಡು ನಿನ್ನ ಮುಖಕ್ಕೆ ಉಗೀತಾನೆ."

"ಮೆಲ್ಲಗೆ ಮಾತಾಡಿ. ಜನ ಇದ್ದಾರೆ."

"ಇರ್ಲಿ. ಅವರೇ ತಾನೆ ಕುಡಿಯೋದು."

ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಅಂಗಡಿಯವರು ಅವಳ ಬಾಯಲ್ಲಿ ಇಷ್ಟು ಮಾತು ಕೇಳಿದ್ದು ಅದೇ ಮೊದಲು. ಅವಳು ಹಿತ್ತಲಿಗೆ ಹೋಗಿ, ಜೇಡ ಬಲೆ ಕಟ್ಟಿದ್ದ ಒಲೆ ಒರೆಸಿ, ಬಾಣಲೆ ಇಟ್ಟಳು. ಕಪಾಟಿನಲ್ಲಿ ಕಿವಿಗೆ ಅಂಟಿಸಲು ಇಟ್ಟಿದ್ದ ಹಸಿ ಬೀಜವಿತ್ತು. ಹಿಡಿ ಹಿಡಿಯಾಗಿ ಹಾಕಿ ಅರಳಿಸಿದಳು. ಪಾಂಗ್ ಬಾಗಿಲಲ್ಲಿ ನಿಂತು ನೋಡಿದನೇ ಹೊರತು ತಡೆಯುವ ಧೈರ್ಯ ಮಾಡಲಿಲ್ಲ. ಬಿಸಿಯಿರುವಾಗಲೇ ಐದು ಪೊಟ್ಟಣ ಕಟ್ಟಿಕೊಂಡು ಅವಳು ಸೈಕಲ್ ಹತ್ತಿದಳು. ತಪ್ಪು ಅಂಗಡಿಯದು, ಸೊಸೆಯದಲ್ಲ ಎಂದು ಗೊತ್ತಾದರೆ ಮಗು ತಾಯಿಯ ಹತ್ತಿರವೇ ಉಳಿಯುತ್ತದೆ. ದಾರಿಯುದ್ದಕ್ಕೂ ಅವಳ ತಲೆಯಲ್ಲಿದ್ದದ್ದು ಇಷ್ಟೇ.

ಲುವಾನ್ ಮನೆ ಮೂರನೇ ಮಹಡಿಯಲ್ಲಿತ್ತು. ಕೆಳಗೆ ಮೂರು ಗಾಲಿಯ ಗಾಡಿ ಆಗಲೇ ಬಂದು ನಿಂತಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಸೊಸೆ ಯಾನ್‌ರು ಉಣ್ಣೆಯ ಟೋಪಿ ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಅತ್ತು ಅತ್ತು ಮುಖ ಬಾತುಕೊಂಡಿತ್ತು. ಪಕ್ಕದಲ್ಲಿ ನವಣೆ ಗಂಜಿ ತಣ್ಣಗಾಗಿ ಕೆನೆಗಟ್ಟಿತ್ತು. ಹಿರಿಯಾಕೆ ಮಗುವನ್ನು ರಜಾಯಿಯಲ್ಲಿ ಸುತ್ತಿ ದಾರ ಬಿಗಿಯುತ್ತಿದ್ದಳು.

ರುಯಿಪಿಂಗ್ ನಿಂತಲ್ಲೇ ಹೇಳಿದಳು. "ತಪ್ಪು ನಮ್ಮದಮ್ಮ. ಬೀಜ ಅರಳಿರಲಿಲ್ಲ. ಬಿಚ್ಚಿ ನೋಡದೆ ಮುದ್ರೆ ಹಾಕಿದೋಳು ನಾನು. ಈ ಹುಡುಗಿ ನಾಲ್ಕು ದಿನ ಕುಡಿದದ್ದು ಬರೀ ನೀರು. ಇದು ಈಗ ಹುರಿದದ್ದು. ಇದ್ರಿಂದ ಬಂದೇ ಬರುತ್ತೆ ಅಂತ ಆಣೆ ಇಡೋಕಾಗಲ್ಲ. ಆದ್ರೆ ಇವಳಲ್ಲಿ ಏನೂ ಇಲ್ಲ ಅಂತ ಹೇಳೋಕೆ ಯಾರಿಗೂ ಹಕ್ಕಿಲ್ಲ."

ಹಿರಿಯಾಕೆ ದಾರ ಬಿಗಿಯುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಬೀಜ ಅರಳ್ಲಿ, ಸುಟ್ಟು ಹೋಗ್ಲಿ, ನಂಗೇನು. ಹೊಸ ವರ್ಷಕ್ಕೆ ಮುಂಚೇನೇ ಹಾಲಿನ ಪುಡಿ ಡಬ್ಬ ತಂದು ಹಳ್ಳಿ ಮನೇಲಿ ಜೋಡಿಸಿಟ್ಟಿದ್ದೀನಿ."

ಹೊಸ ವರ್ಷಕ್ಕೆ ಮುಂಚೆ. ಹೊಸ ವರ್ಷ ಕಳೆದು ಆಗಲೇ ಮೂರು ವಾರವಾಗಿತ್ತು, ಮಗು ಹುಟ್ಟಿ ಇನ್ನೂ ಹನ್ನೊಂದೇ ದಿನ.

ರುಯಿಪಿಂಗ್‌ಗೆ ತನ್ನ ಹೆರಿಗೆಯ ದಿನಗಳು ನೆನಪಾದವು. ಅವಳ ವಾರಗಿತ್ತಿಯೂ ಹೆರಿಗೆಗೆ ತಿಂಗಳು ಮುಂಚೆಯೇ ಕೆಂಪು ಬಟ್ಟೆಯ ಪುಟ್ಟ ರಜಾಯಿ ಹೊಲಿದಿಟ್ಟುಕೊಂಡಿದ್ದಳು. ಅದನ್ನು ಅಕ್ಕರೆ ಎಂದುಕೊಂಡಿದ್ದಳು ಇವಳು. ಪುಸ್ತಕದಲ್ಲಿ ಗಂಡುಮಗುವಿಗೆ ಜಾಗ ಉಳಿಯಲಿ, ಹೆಣ್ಣಾದರೆ ಹಳ್ಳಿಗೆ ಎಂದು ಮನೆಯವರಲ್ಲಿ ಆಗಲೇ ಮಾತಾಗಿತ್ತು. ಹಾಲು ಹೊಳೆಯಾಗಿ ಹರಿದಿದ್ದರೂ ಅವರು ಕೊಂಡೊಯ್ಯುತ್ತಿದ್ದರು. ಬೀಜಕ್ಕೂ ಮಗಳು ಹೋದದ್ದಕ್ಕೂ ಸಂಬಂಧವೇ ಇರಲಿಲ್ಲ.

ಅಷ್ಟರಲ್ಲಿ ಯಾನ್‌ರು ಎದ್ದಳು. ಡಬ್ಬಗಳ ಸುದ್ದಿ ಅವಳೂ ಈಗಲೇ ಕೇಳಿದ್ದು. ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಂಡು ಎದೆಗೊತ್ತಿಕೊಂಡಳು. ಹಿರಿಯಾಕೆ ರಜಾಯಿಯ ತುದಿ ಹಿಡಿದು ಎಳೆದಳು, ಅವಳು ಬಿಡಲಿಲ್ಲ.

"ಹಾಲು ಬರ್ಲಿ, ಬಿಡ್ಲಿ, ಮಗು ನಂದು. ಗಾಡಿ ಕಳಿಸಿಬಿಡಿ ಅತ್ತೆ. ಆ ಪುಡಿ ಡಬ್ಬಗಳ್ನ ಬೇಕಾದ್ರೆ ಇಲ್ಲಿಗೆ ತರಿಸಿ, ನಾನೇ ಕುಡಿಸ್ತೀನಿ."

"ಫ್ಯಾಕ್ಟರಿ?"

"ಫ್ಯಾಕ್ಟರಿ ಎಲ್ಲೂ ಓಡಿ ಹೋಗಲ್ಲ."

ಆಮೇಲೆ ಅವಳು ರುಯಿಪಿಂಗ್ ಕಡೆ ತಿರುಗಿದಳು. ಆ ಕಣ್ಣಿನಲ್ಲಿ ಉಪಕಾರ ಸ್ಮರಣೆ ಒಂದಿಷ್ಟೂ ಇರಲಿಲ್ಲ.

"ನಾಲ್ಕು ದಿನ ನನ್ನ ಮೈಯನ್ನ ನಾನೇ ಬೈಕೊಂಡೆ ಗೊತ್ತಾ. ಪೊಟ್ಟಣ ಮೇಜಿನ ಮೇಲಿಟ್ಟು ಹೋಗಿ. ಇನ್ನು ಮುಂದೆ ಬಿಚ್ಚಿ ನೋಡಿ ಒತ್ತಿ."

"ಆಯ್ತಮ್ಮ" ಎಂದಳು ರುಯಿಪಿಂಗ್.

ಕೆಳಗೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಅವಳೇ ಹೋಗಿ, ಯಾರೂ ಬರುವುದಿಲ್ಲ, ಹೊರಡು ಎಂದು ಹೇಳಿ ಕಳಿಸಿದಳು. ಸೈಕಲ್ ಹಿಡಿದು ನಿಂತರೂ ಹತ್ತಲಾಗಲಿಲ್ಲ. ಮಗು ನಂದು. ಎರಡು ಮಾತು. ಆ ದಿನ ತನ್ನ ಬಾಯಲ್ಲಿ ಯಾಕೆ ಬರಲಿಲ್ಲ? ಅವಳ ಅತ್ತೆ ಸತ್ತು ಹನ್ನೆರಡು ವರ್ಷವಾಗಿತ್ತು. ರುಯಿಪಿಂಗ್ ನಡುಬೀದಿಯಲ್ಲಿ ನಿಂತು, ಆ ಮುದುಕಿಯನ್ನು ಮೊದಲ ಬಾರಿಗೆ, ಹೆಸರು ಹಿಡಿದು, ಗಟ್ಟಿಯಾಗಿ ಬೈದಳು.