ಯಲಹಂಕ ಬೇಡ ಎಂದ ಕೆಡೆಟ್

ಕೋವಿಡ್ ಬರುವ ಹಿಂದಿನ ವರ್ಷ ನಾನು ವಾಯುಪಡೆಯ ವೈದ್ಯನಾಗಿ ಬೆಂಗಳೂರಿನಲ್ಲಿದ್ದೆ. ವಿಂಗ್ ಕಮಾಂಡರ್ ಹುದ್ದೆ. ಪೈಲಟ್ ತರಬೇತಿಯಲ್ಲಿರುವ ಕೆಡೆಟ್‌ಗಳ ದೇಹ ಯಾವ ಬಗೆಯ ವಿಮಾನಕ್ಕೆ ತಕ್ಕದ್ದು ಎಂದು ಪರೀಕ್ಷಿಸುವುದು ನನ್ನ ಕೆಲಸ.

ಮೊದಲ ಹಂತದ ತರಬೇತಿ ಮುಗಿದ ಮೇಲೆ ಕೆಡೆಟ್‌ಗಳು ಮೂರು ದಾರಿಗಳಲ್ಲಿ ಹಂಚಿಹೋಗುತ್ತಾರೆ. ಫೈಟರ್, ಹೆಲಿಕಾಪ್ಟರ್, ಇಲ್ಲವೇ ಸರಕು ಮತ್ತು ಸೈನಿಕರನ್ನು ಸಾಗಿಸುವ ಟ್ರಾನ್ಸ್‌ಪೋರ್ಟ್ ವಿಮಾನ. ಪ್ರತಿಯೊಂದಕ್ಕೂ ಬೇರೆ ಶಾಲೆ. ಹೆಚ್ಚಿನವರ ಕನಸು ಫೈಟರ್.

ಸಿಂಚನಾಳದೂ ಅದೇ. ವಿದ್ಯಾರಣ್ಯಪುರದ ಹುಡುಗಿ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ತಂದೆ ನಾಗರಾಜಯ್ಯ ವಾಯುಪಡೆಯಲ್ಲೇ ವಾರಂಟ್ ಆಫೀಸರ್ ಆಗಿ ನಿವೃತ್ತರಾದವರು. ಸೇವೆಯುದ್ದಕ್ಕೂ ಅವರು ನೋಡಿಕೊಂಡದ್ದು ಫೈಟರ್ ವಿಮಾನಗಳ ಇಜೆಕ್ಷನ್ ಸೀಟುಗಳನ್ನು. ಅಪಾಯದಲ್ಲಿ ಪೈಲಟ್ ಹ್ಯಾಂಡಲ್ ಎಳೆದರೆ ಕೆಳಗಿನ ರಾಕೆಟ್ ಹೊತ್ತಿಕೊಂಡು, ಸೀಟು ಅವನನ್ನು ಹೊತ್ತು ಆಕಾಶಕ್ಕೆ ಚಿಮ್ಮುತ್ತದೆ. ಜೀವ ಉಳಿಯುತ್ತದೆ. ಆದರೆ ಆ ಕ್ಷಣದ ಭಾರವನ್ನೆಲ್ಲ ಬೆನ್ನುಮೂಳೆ ತಡೆಯಬೇಕು.

ಸಿಂಚನಾ ನಮ್ಮಲ್ಲಿಗೆ ಬಂದದ್ದು ಸೊಂಟನೋವಿನಿಂದ. ನೋವು ವಾರದಲ್ಲಿ ಹೋಯಿತು. ಆದರೆ ಎಂಆರ್‌ಐ ಬೇರೊಂದನ್ನು ತೋರಿಸಿತು. ಅವಳ ಬೆನ್ನಿನ ಕೆಳಭಾಗದ ಒಂದು ಮೂಳೆ ಹುಟ್ಟಿನಿಂದಲೇ ಪೂರ್ತಿ ಕೂಡಿರಲಿಲ್ಲ. ದಿನನಿತ್ಯದ ಬದುಕಿಗೆ ಅದರಿಂದ ತೊಂದರೆಯಿಲ್ಲ. ಇಜೆಕ್ಷನ್ ಸೀಟಿಗೆ ಮಾತ್ರ ಆಗದು. ನಾನೂ ಇನ್ನಿಬ್ಬರು ವೈದ್ಯರೂ ಕೂತು ವರದಿಗೆ ಸಹಿ ಹಾಕಿದೆವು.

ಅದನ್ನು ಅವಳಿಗೆ ಹೇಳಬೇಕಾಗಿದ್ದ ಬೆಳಿಗ್ಗೆ, ಅವಳಿಗಿಂತ ಮೊದಲೇ ನಾಗರಾಜಯ್ಯ ನನ್ನ ಕೋಣೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುಳಿತುಕೊಳ್ಳಿ ಎಂದರೂ ನಿಂತೇ ಇದ್ದರು.

"ರಿಪೋರ್ಟಲ್ಲಿ ಏನಿದೆ ಅಂತ ಕೇಳೋಕ್ ಬಂದಿಲ್ಲ ಸರ್. ಬೆನ್ನಲ್ಲಿ ಒಂಚೂರು ಅನುಮಾನ ಇದ್ರೂ ಫೈಟರ್ ಕೊಡ್ಬೇಡಿ. ಸೀಟ್ ಹಾರಿ ಬದುಕಿದ ಹುಡುಗ್ರನ್ನ ಸ್ಟ್ರೆಚರ್ ಮೇಲೆ ನೋಡಿದೀನಿ. ಇರೋಳು ಒಬ್ಳೇ ಮಗಳು."

ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಸಿಂಚನಾ ನಿಂತಿದ್ದಳು.

"ನೀನೇ ಹೇಳಿ ತಪ್ಪಿಸ್ಬಿಟ್ಯಾ ಅಪ್ಪಾ?"

ಅವಳನ್ನು ಕೂರಿಸಿ, ಚಿತ್ರ ತೋರಿಸಿ, ನಿರ್ಧಾರ ಹಿಂದಿನ ದಿನವೇ ಆಗಿತ್ತೆಂದು ವಿವರಿಸಿದೆ. ಸಹಿಗಳನ್ನೂ ತೋರಿಸಿದೆ. ಕೊನೆಯವರೆಗೂ ಕೇಳಿಸಿಕೊಂಡಳು. "ಥ್ಯಾಂಕ್ಯೂ ಸರ್" ಎಂದು ಎದ್ದು, ತಂದೆಯ ಕಡೆ ನೋಡದೆ ಹೋದಳು. ನಾಗರಾಜಯ್ಯ ಬಾಯಿ ತೆರೆಯಲೇ ಇಲ್ಲ.

"ನಿಮ್ಮಿಂದ ಆಗಿದ್ದಲ್ಲ ಅಂತ ನೀವೂ ಒಂದು ಮಾತು ಹೇಳಬಹುದಿತ್ತಲ್ಲ?" ಎಂದೆ.

"ತನ್ನ ಮೈಯೇ ಕಾರಣ ಅಂತ ನಂಬಿದ್ರೆ ಅದರ ಮೇಲೇ ದ್ವೇಷ ಮಾಡ್ಕೋತಾಳೆ ಸರ್. ಆ ಮೈ ಇಟ್ಕೊಂಡೇ ಅಲ್ವಾ ಜೀವನ ಪೂರ್ತಿ ಹಾರಾಡ್ಬೇಕು? ಸಿಟ್ಟು ನನ್ ಮೇಲೇ ಇರ್ಲಿ ಬಿಡಿ."

ಮುಂದಿನ ವಾರ ಅವಳು ಉಳಿದ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಹೆಲಿಕಾಪ್ಟರ್ ಶಾಲೆ ಹೈದರಾಬಾದ್ ಹತ್ತಿರ. ಟ್ರಾನ್ಸ್‌ಪೋರ್ಟ್ ಶಾಲೆ ಯಲಹಂಕದಲ್ಲೇ. "ಎರಡಕ್ಕೂ ನಿನ್ನ ಬೆನ್ನು ಸರಿಯಾಗಿದೆಯಮ್ಮ. ಯಲಹಂಕವಾದರೆ ಭಾನುವಾರ ಮನೆಗೆ ಹೋಗಿಬರಬಹುದು" ಎಂದೆ.

"ಅದಕ್ಕೇ ಬೇಡ ಸರ್" ಎಂದಳು.

ಹೆಲಿಕಾಪ್ಟರ್ ಆರಿಸಿಕೊಂಡು ಹೋದಳು. ಚೆನ್ನಾಗಿಯೇ ಕಲಿತಳು, ಈಶಾನ್ಯದ ಬೆಟ್ಟಗಳಲ್ಲಿ ಪೋಸ್ಟಿಂಗ್ ಸಿಕ್ಕಿತು. ಪದವಿ ಪ್ರದಾನದ ಪೆರೇಡ್‌ಗೆ ತಂದೆಯನ್ನು ಕರೆಯಲಿಲ್ಲ. ನಾಗರಾಜಯ್ಯ ಹಬ್ಬಕ್ಕೊಮ್ಮೆ ನನಗೆ ಫೋನ್ ಮಾಡಿ, "ಅಲ್ಲಿ ಹವಾಮಾನ ಹೆಂಗಿರುತ್ತೆ ಸರ್ ಈಗ?" ಎಂದು ಕೇಳುತ್ತಿದ್ದರು. ಮಗಳ ಹೆಸರೆತ್ತುತ್ತಿರಲಿಲ್ಲ.

ನಾನು ನಿವೃತ್ತನಾಗಿ ಆರ್.ಟಿ. ನಗರದಲ್ಲಿ ನೆಲೆಸಿದ ಮೇಲೆ ಒಂದು ದಿನ ಸಿಂಚನಾಳೇ ಫೋನ್ ಮಾಡಿದಳು. ತಂದೆಗೆ ಪಾರ್ಶ್ವವಾಯು ಹೊಡೆದಿತ್ತು. ವಿದ್ಯಾರಣ್ಯಪುರದ ಮನೆಗೆ ಹೋದಾಗ, ರಜೆ ಹಾಕಿ ಬಂದಿದ್ದ ಅವಳು ಹಾಸಿಗೆಯ ಪಕ್ಕ ಕೂತು ಗಂಜಿ ಕುಡಿಸುತ್ತಿದ್ದಳು. ನಾಗರಾಜಯ್ಯನವರಿಗೆ ಮಾತು ಹೋಗಿತ್ತು. ಕಣ್ಣಲ್ಲಿ ಮಾತ್ರ ಗುರುತಿತ್ತು.

"ಅವತ್ತು ನೀವು ಹೇಳಿದ್ದು ನಿಜ ಅಂತ ನಂಗೆ ಆಗ್ಲೇ ಗೊತ್ತಿತ್ತು ಸರ್. ಒಪ್ಕೊಳ್ಳೋಕೆ ಆಗ್ಲಿಲ್ಲ. ಆದ್ರೆ ಅಪ್ಪ ಯಾಕೆ ಒಂದ್ ಮಾತೂ ಆಡ್ಲಿಲ್ಲ? ಈಗ ಕೇಳಿದ್ರೆ ಹೇಳೋಕಾಗಲ್ಲ."

ನಾಗರಾಜಯ್ಯನವರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ ತೆರೆದರು. ಅದನ್ನೇ ಒಪ್ಪಿಗೆಯೆಂದುಕೊಂಡು, ಅವತ್ತು ಅವಳು ಎದ್ದುಹೋದ ಮೇಲೆ ಅವರಾಡಿದ ಮಾತನ್ನು ಹಾಗೇ ಹೇಳಿದೆ.

ಅವಳು ಬಟ್ಟಲನ್ನು ಕೆಳಗಿಟ್ಟಳು. ತಂದೆಯ ಜೀವವಿಲ್ಲದ ಬಲಗೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡು, "ನನ್ ಜೊತೆ ಜಗಳ ಆದ್ರೂ ಆಡ್ಬಾರ್ದಿತ್ತಾ ಅಪ್ಪಾ?" ಎಂದು ಅತ್ತಳು. ಅವರ ತುಟಿ ಅಲುಗಿತು. ಏನೋ ಹೇಳಲು ಬಹಳ ಹೊತ್ತು ಪ್ರಯತ್ನಿಸಿದರು. ಇಬ್ಬರೂ ಬಾಗಿ ಕಿವಿಗೊಟ್ಟೆವು. ಏನೆಂದು ತಿಳಿಯಲಿಲ್ಲ. ರಜೆ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು.

ಈಗಲೂ ಕಿರಿಯ ವೈದ್ಯರಿಗೆ ಪಾಠ ಹೇಳಲು ಕರೆಯುತ್ತಾರೆ. ಯಾವ ಬೆನ್ನು ಯಾವ ಸೀಟಿಗೆ ಸಲ್ಲುತ್ತದೆ ಎಂಬುದು ಪುಸ್ತಕದಲ್ಲೇ ಇದೆ, ಓದಿಕೊಳ್ಳಿ ಎನ್ನುತ್ತೇನೆ. ಕನಸು ಮುರಿದವರು ಆ ಸಿಟ್ಟನ್ನು ಯಾರ ಮೇಲಾದರೂ ಇಳಿಸುತ್ತಾರೆ. ತುಟಿಪಿಟಕ್ಕೆನ್ನದೆ ಅದಕ್ಕೆ ಹೆಗಲು ಕೊಡುವವರು ಹೆಚ್ಚಾಗಿ ಅವರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರೇ. ವರದಿ ಕೊಟ್ಟು ಎದ್ದುಬಿಡಬೇಡಿ, ಪಕ್ಕದಲ್ಲಿ ನಿಂತಿರುವವರ ಮುಖವನ್ನೂ ಒಮ್ಮೆ ನೋಡಿ. ನನ್ನ ವೃತ್ತಿ ನನಗೆ ಕಲಿಸಿದ್ದು ಅಷ್ಟೇ.